ಡಾಕ್ಟ್ರು ಮೀನು ತಿನ್ನು ಅಂದಾರ

ಸಂಜೆ ಆಯಿತೆಂದರೆ ಸಿರುಗುಪ್ಪದ ಹತ್ತಿರದ ರಾರಾವಿ ಊರಿನ ಜಂಬಮ್ಮನ ಮನೆಯಲ್ಲಿ ಊಟದ ಜಗಳ ಶುರು.

"ಇದೇನು ಸಾರೋ, ಕೈ ತೊಳದ ನೀರೋ?" ಎನ್ನುತ್ತ ಗಂಡ ಚಿದಾನಂದಪ್ಪ ತಟ್ಟೆಯನ್ನು ಆ ಕಡೆ ತಳ್ಳುತ್ತಾನೆ.

"ಮೀನಿನ ಸಾರು ರೀ. ಡಾಕ್ಟ್ರು ಹೇಳಿದ್ದು ಇದನ್ನ."

"ಡಾಕ್ಟ್ರು ಮೀನು ತಿನ್ನು ಅಂದಾರ. ನೀರು ಕುಡಿ ಅಂದಿಲ್ಲ. ನಂದು ಊಟ ಆಗೈತಿ ಬಿಡು. ಸಿರುಗುಪ್ಪದಾಗ ತಿಂದು ಬಂದೀನಿ."

"ಏನು ತಿಂದ್ರಿ?"

"ಮೀನಾ!"

ಜಂಬಮ್ಮ ಹಣೆ ಬಡಿದುಕೊಂಡು ತಟ್ಟೆ ಎತ್ತುತ್ತಾಳೆ. ಹಿತ್ತಲಲ್ಲಿ ಬೆಕ್ಕು ಕಾಯುತ್ತಿರುತ್ತದೆ.

ಚಿದಾನಂದಪ್ಪನಿಗೆ ಐವತ್ತು ದಾಟಿದೆ. ಮನೆಯಲ್ಲಿ ಸ್ವಂತ ಟ್ರ್ಯಾಕ್ಟರ್ ಇದೆ. ಊರಿನವರ ಭತ್ತವನ್ನು ಸಿರುಗುಪ್ಪದ ರೈಸ್ ಮಿಲ್ಲುಗಳಿಗೆ ಸಾಗಿಸುವುದು ಅವನ ಕೆಲಸ. ಆರು ತಿಂಗಳ ಹಿಂದೆ ಹೀಗೆ ಲೋಡ್ ತುಂಬಿಸುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಉಳಿಸಿದರು. ಊರಲ್ಲಿ ಎಲ್ಲರೂ ಅದಕ್ಕೆ 'ಸ್ಪ್ರಿಂಗ್' ಅನ್ನುತ್ತಾರೆ. ಮನೆಗೆ ಕಳಿಸುವ ದಿನ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದರು. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಬೀಡಿ ಬಿಡಿ. ಉಪ್ಪು, ಎಣ್ಣೆ ಕಡಿಮೆ ಮಾಡಿ. ಮಟನ್ ಬದಲು ಮೀನು ತಿನ್ನಿ, ವಾರಕ್ಕೆ ಎರಡು ಸಲ ಸಾಕು. ಆದರೆ ಎಣ್ಣೆಯಲ್ಲಿ ಕರಿದು ತಿನ್ನಬೇಡಿ.

ಡಾಕ್ಟರು ಇಷ್ಟೂ ಹೇಳಿದರು. ಚಿದಾನಂದಪ್ಪನ ಕಿವಿಗೆ ಬಿದ್ದದ್ದು ಎರಡೇ ಮಾತು: ಮೀನು ತಿನ್ನಿ.

ಅಂದಿನಿಂದ ಅವನಿಗೆ ಒಂದು ಲೈಸೆನ್ಸ್ ಸಿಕ್ಕಂತಾಯಿತು. ಮಿಲ್ಲಿನಲ್ಲಿ ಭತ್ತ ಇಳಿಸಿದ ಮೇಲೆ ಟ್ರ್ಯಾಕ್ಟರ್ ನೇರವಾಗಿ ರಸ್ತೆ ಬದಿಯ ಫಿಶ್ ಫ್ರೈ ಗಾಡಿಯ ಮುಂದೆ ನಿಲ್ಲುತ್ತಿತ್ತು. ಕೆಂಪು ಬಣ್ಣದ ಮಸಾಲೆ ಮೆತ್ತಿದ ತುಂಡುಗಳು. ಮುಂಜಾನೆಯಿಂದ ಕುದ್ದು ಕುದ್ದು ಡಾಂಬರಿನಂತಾದ ಎಣ್ಣೆ. ವಾರಕ್ಕೆ ಎರಡು ಸಲ ಅಲ್ಲ, ದಿನಾ. ಯಾರಾದರೂ ಕೇಳಿದರೆ ಬೆರಳು ನೆಕ್ಕುತ್ತ ಅದೇ ಉತ್ತರ: "ಡಾಕ್ಟ್ರು ತಿನ್ನು ಅಂದಾರಪ್ಪ!"

ಇಂಥವರಿಗೆ ಏನು ಹೇಳುವುದು?

ಹೇಳುವ ಕೆಲಸ ಸುನಂದಾಳದು. ಸುನಂದಾ ರಾರಾವಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್. ತವರು ಕುರುಗೋಡು. ಸಿರುಗುಪ್ಪದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಒಂದು ದಿನ ಜಂಬಮ್ಮ ಗಂಡನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಅವಳ ಹತ್ತಿರ ಬಂದಳು.

"ಸುನಂದಕ್ಕ, ನನಗಂತೂ ಸಾಕಾಗಿ ಹೋಗೈತಿ. ನೀವಾ ಹೇಳ್ರಿ ಇವರಿಗೆ."

ಸುನಂದಾ ಬಿ.ಪಿ. ನೋಡಿದಳು. ಜಾಸ್ತಿ ಇತ್ತು. "ಚಿದಾನಂದಣ್ಣ, ಗುಳಿಗಿ ಬರೋಬರಿ ತಗೋತೀರಿಲ್ಲೋ?"

"ಹ್ಞೂಂ," ಎಂದ ಚಿದಾನಂದಪ್ಪ, ಕಿಟಕಿಯ ಹೊರಗೆ ನೋಡುತ್ತ.

"ಮೀನು?"

"ದಿನಾ ತಿಂತೀನಿ ರೀ, ತಪ್ಪಿಸಂಗಿಲ್ಲ!" ಈ ಉತ್ತರ ಮಾತ್ರ ಜೋರಾಗಿ ಬಂತು.

"ಕರಿದದ್ದು ತಿಂತೀರಿ. ಅದು ಮೀನು ತಿಂದಂಗಲ್ಲ ಅಣ್ಣ, ಎಣ್ಣಿ ತಿಂದಂಗ. ನೋಡ್ರಿ, ಮಟನ್ ಕೊಬ್ಬು ಬ್ಯಾರೆ, ಮೀನಿನ ಕೊಬ್ಬು ಬ್ಯಾರೆ. ಮೀನಿನಾಗ ಒಮೆಗಾ-3 ಅಂತ ಒಂದು ಒಳ್ಳೆ ಕೊಬ್ಬು ಇರ್ತೈತಿ. ಅದು ಹೃದಯಕ್ಕ ಚಲೋ. ಬಂಗುಡಿ, ಬೂತಾಯಿಯಂಥ ಸಮುದ್ರದ ಮೀನಿನಾಗ ಜಾಸ್ತಿ ಇರ್ತೈತಿ. ನಮ್ಮ ಹೊಳಿ ಮೀನಿನಾಗ ಅಷ್ಟು ಇರಂಗಿಲ್ಲ, ಆದ್ರೂ ಮಟನ್ ಬಿಟ್ಟು ಅದನ್ನ ತಿಂದ್ರೂ ಒಳ್ಳೇದ. ಆದ್ರ ಆ ಕರಿ ಎಣ್ಣ್ಯಾಗ ಮುಳುಗಿಸಿ ತಗದ ಮ್ಯಾಲೆ ಒಳ್ಳೇದು ಏನು ಉಳಿತೈತಿ ಹೇಳ್ರಿ?"

ಚಿದಾನಂದಪ್ಪ ಮೀಸೆಯಲ್ಲೇ ನಕ್ಕ. "ಒಂದು ಮಾತು ಕೇಳ್ಲೇನ್ರಿ ಸಿಸ್ಟರ್? ನೀವು ಮೀನು ತಿಂತೀರೇನು?"

"ಇಲ್ಲ. ನಮ್ಮನ್ಯಾಗ ತಿನ್ನಂಗಿಲ್ಲ."

"ಮತ್ತ! ಮೀನಿನ ಮುಳ್ಳು ಹೆಂಗಿರ್ತೈತಿ ಅಂತ ಗೊತ್ತಿಲ್ಲದವರು ನಮಗ ಮೀನು ತಿನ್ನೋದು ಕಲಸ್ತೀರಿ!"

ಹೊರಗೆ ಕೂತಿದ್ದವರೆಲ್ಲ ನಕ್ಕರು. ಸುನಂದಾಳಿಗೆ ಮೈ ಉರಿಯಿತು. "ಅಣ್ಣಾ, ನಾನು ಬೀಡಿನೂ ಸೇದಿಲ್ಲ. ಬೀಡಿ ಕೆಟ್ಟದ್ದು ಅಂತ ಹೇಳಾಕ ನಾ ಮೊದಲು ಸೇದಿ ನೋಡ್ಬೇಕೇನು?"

ಮತ್ತೆ ಎಲ್ಲರೂ ನಕ್ಕರು. ಚಿದಾನಂದಪ್ಪನೂ ನಕ್ಕ. ಮರುದಿನ ಸಂಜೆ ಟ್ರ್ಯಾಕ್ಟರ್ ಮತ್ತೆ ಗಾಡಿಯ ಮುಂದೆಯೇ ನಿಂತಿತ್ತು.

ಆ ಭಾನುವಾರ ಸುನಂದಾ ಕುರುಗೋಡಿಗೆ ಹೋದಳು. ಸ್ವಲ್ಪ ನೆಮ್ಮದಿ ಸಿಗಬಹುದು ಎಂದುಕೊಂಡಿದ್ದಳು. ಅವಳ ತಂದೆ ಮರಿಬಸಪ್ಪನವರು ಶೇಂಗಾ, ಮೆಣಸಿನಕಾಯಿ ವ್ಯಾಪಾರ ಮಾಡಿದವರು. ಇಷ್ಟಲಿಂಗ ಪೂಜೆ ಆಗದೆ ಒಂದು ಲೋಟ ಚಹಾ ಸಹ ಮುಟ್ಟದವರು. ಮಗಳು ಒಳಗೆ ಕಾಲಿಟ್ಟ ಕೂಡಲೇ ಶುರು ಮಾಡಿದರು.

"ಏನವ್ವಾ, ಮನಿಮನಿಗೆ ಹೋಗಿ ಮೀನು ತಿನ್ರಿ, ಮೀನು ತಿನ್ರಿ ಅಂತ ಹೇಳ್ತೀಯಂತ? ಮಾರ್ಕೆಟ್ಟಿನಾಗ ಮಂದಿ ನನ್ನ ಕೇಳಾಕ ಹತ್ಯಾರ. ನಾ ಮಾರಿ ಎಲ್ಲಿ ಇಟ್ಕೊಳ್ಳಲಿ?"

"ಅಪ್ಪಾ, ತಿನ್ನೋರಿಗೆ ಹೇಳ್ತೀನಿ. ಕುರಿ ತಿನ್ನೋರಿಗೆ, ಅದರ ಬದಲಿ ಮೀನು ತಿನ್ರಿ ಅಂತೀನಿ. ತಿನ್ನದವರಿಗೆ ತಿನ್ರಿ ಅಂತ ಯಾರು ಅಂದಾರ?"

"ಆದ್ರೂ ನಮ್ಮಂಥವರ ಮನಿ ಮಗಳು..."

"ನನ್ನ ಕೆಲಸ ಅದು. ರಾರಾವ್ಯಾಗ ಒಬ್ಬಾಂವ ಅದಾನ, ಸ್ಪ್ರಿಂಗ್ ಹಾಕಿಸ್ಕೊಂಡಾನ. ಸಾರು ಮಾಡಿ ತಿನ್ನು ಅಂದ್ರ ಫ್ರೈ ತಿಂತಾನ. ವಾರಕ್ಕ ಎರಡು ಸಲ ಅಂದ್ರ ದಿನಾ ತಿಂತಾನ. ಹುಣಸಿಹುಳಿ ಹಾಕಿ ಸಾರು ಮಾಡ್ರಿ, ಇಲ್ಲ ಹಂಚಿನ ಮ್ಯಾಲೆ ಒಂದು ಚಮಚ ಎಣ್ಣಿ ಸವರಿ ಬೇಯಿಸ್ರಿ ಅಂತ ಹೇಳಿ ಹೇಳಿ ನನ್ನ ಬಾಯಿ ನೋಯ್ತು. ಒಣಮೀನಿನಾಗ ಉಪ್ಪು ಜಾಸ್ತಿ, ಬಿ.ಪಿ. ಇದ್ದವರಿಗೆ ಬ್ಯಾಡ ಅಂದೆ. ಮೀನು ಊಟ, ಔಷಧ ಅಲ್ಲ ಅಂದೆ. ಅವಂದು ಎದಿ ರೋಗ, ನಿಂದು ಮಾರಿ ಚಿಂತಿ. ನನಗ ಇಬ್ಬರದೂ ಕಾಟ!"

ಮರಿಬಸಪ್ಪನವರು ಸ್ವಲ್ಪ ಮೆತ್ತಗಾದರು. ಆದರೆ ಸುನಂದಾಳ ಸಿಟ್ಟು ಇಳಿದಿರಲಿಲ್ಲ. "ನಿನಗೂ ರಕ್ತದಾಗ ಕೊಬ್ಬು ಜಾಸ್ತಿ ಐತಿ ಅಂತ ಬಂದೈತಿ. ನಾ ಏನು ಹೇಳಿದ್ದೆ? ಮೀನು ತಿನ್ನದವರು ಅಗಸಿ ಬೀಜ ತಿನ್ರಿ, ಮೀನಿನಷ್ಟು ಅಲ್ಲದಿದ್ರೂ ಅದರಾಗೂ ಒಳ್ಳೆ ಕೊಬ್ಬು ಐತಿ ಅಂತ ಹೇಳಿದ್ನಿಲ್ಲೋ? ನಾ ಹುರಿದು ಕುಟ್ಟಿ ಕೊಟ್ಟ ಅಗಸಿ ಪುಡಿ ಎಲ್ಲಿ?"

"ಐತಿ, ಐತಿ. ಡಬ್ಬಿ ಒಳಗ ಐತಿ."

"ಡಬ್ಬಿಗೇನು ಹೃದಯದ ರೋಗ ಐತೇನು?"

"ಅದು ದನಕ್ಕ ಹಾಕೋ ಹಿಂಡಿ ವಾಸನಿ ಬರ್ತೈತವ್ವಾ," ಎಂದರು ಮರಿಬಸಪ್ಪನವರು. ಸಂಜೆ ಮಗಳು ಬಸ್ಸು ಹತ್ತುವಾಗ ನೋಡಿದರೆ, ಅಪ್ಪ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದರು. ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಎಣ್ಣೆಯಲ್ಲಿ ಕರಿದ, ಬಾಳೆಕಾಯಿಯಷ್ಟು ದಪ್ಪ ಮಿರ್ಚಿ ಬಜ್ಜಿ. ಮಗಳಿಗೆ ಕೈ ಬೀಸಿದರು ಸಹ.

ಸೋಮವಾರ ಜಂಬಮ್ಮನ ಮನೆಗೆ ಹೋದಾಗ ಸುನಂದಾ ಅದನ್ನೆಲ್ಲ ಹೇಳಿಕೊಂಡು ನಿಟ್ಟುಸಿರು ಬಿಟ್ಟಳು. "ನಿಮ್ಮನ್ಯಾಗ ಹಿಂಗ, ನಮ್ಮನ್ಯಾಗ ಹಂಗ. ಗಂಡಸರ ನಾಲಿಗಿಗೆ ಯಾವ ಡಾಕ್ಟ್ರೂ ಔಷಧ ಕಂಡುಹಿಡಿದಿಲ್ಲ ಬಿಡ್ರಿ ಜಂಬಕ್ಕ." ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಚಿದಾನಂದಪ್ಪನಿಗೆ ಅಷ್ಟೂ ಕೇಳಿಸಿತು. ಅವನಿಗೆ ಖುಷಿಯೋ ಖುಷಿ.

ಆ ಖುಷಿ ಬಹಳ ದಿನ ಉಳಿಯಲಿಲ್ಲ.

ಭತ್ತದ ಸುಗ್ಗಿ ಜೋರಾಗಿತ್ತು. ಒಂದು ಮಧ್ಯಾಹ್ನ ಸಿರುಗುಪ್ಪದ ಮಿಲ್ಲಿನಲ್ಲಿ ಲೋಡ್ ಇಳಿಯುತ್ತಿರುವಾಗ ಚಿದಾನಂದಪ್ಪನಿಗೆ ಎದೆಯಲ್ಲಿ ಕಲ್ಲು ಇಟ್ಟಂತಾಯಿತು. ಎಡಗೈ ಜೋಮು ಹಿಡಿಯಿತು. ಅಂಗಿ ಬೆವರಿನಲ್ಲಿ ತೊಯ್ದು ಹೋಯಿತು.

"ಗ್ಯಾಸ್ ಆಗೈತಿ. ಒಂದು ಸೋಡಾ ತರ್ಸು," ಎಂದ ಮಿಲ್ಲಿನ ಹಮಾಲಿ ಎರ್ರಿಸ್ವಾಮಿಗೆ.

ಎರ್ರಿಸ್ವಾಮಿ ಸೋಡಾ ತರಲಿಲ್ಲ. ಜಂಬಮ್ಮನಿಗೆ ಫೋನ್ ಮಾಡಿದ. ಜಂಬಮ್ಮ ಸುನಂದಾಳಿಗೆ ಫೋನ್ ಮಾಡಿದಳು. ಸುನಂದಾ ತಕ್ಷಣ ಎರ್ರಿಸ್ವಾಮಿಯ ನಂಬರಿಗೆ ಮಾಡಿದಳು.

"ಸೋಡಾ ಗೀಡಾ ಬ್ಯಾಡ. ಅವರನ್ನ ನಡಸಬ್ಯಾಡ್ರಿ, ಒರಗಿಸಿ ಕೂಡಸ್ರಿ. ನೂರಾ ಎಂಟಕ್ಕ ಫೋನ್ ಮಾಡ್ರಿ. ಈಗಿಂದೀಗ!"

"ಲೋಡ್ ಪೂರ್ತಿ ಇಳೀಲಿ, ಆಮ್ಯಾಲೆ ನಾನಾ ಗಾಡಿ ಹೊಡ್ಕೊಂಡು ಹೋಗ್ತೀನಿ ಅಂತಾನ್ರಿ," ಎಂದ ಎರ್ರಿಸ್ವಾಮಿ.

"ಟ್ರ್ಯಾಕ್ಟರ್ ಕೀ ಕಸ್ಕೊಳ್ರಿ!"

ಎರ್ರಿಸ್ವಾಮಿ ಕೀ ಕಸಿದು ತನ್ನ ಜೇಬಿಗೆ ಹಾಕಿಕೊಂಡ. ಆ್ಯಂಬುಲೆನ್ಸ್ ಬಂತು. ಸಿರುಗುಪ್ಪದ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಮೊದಲ ಚಿಕಿತ್ಸೆ ಕೊಟ್ಟು, ತಡ ಮಾಡದೆ ಬಳ್ಳಾರಿಗೆ ಕಳಿಸಿದರು. ಅಷ್ಟರಲ್ಲಿ ರಾರಾವಿಯಿಂದ ಜಂಬಮ್ಮ, ಸುನಂದಾ ಇಬ್ಬರೂ ಬಂದು ಮುಟ್ಟಿದ್ದರು. ಬಳ್ಳಾರಿಯ ದಾರಿಯುದ್ದಕ್ಕೂ ಜಂಬಮ್ಮ ಗಂಡನ ಕೈ ಹಿಡಿದು ಕೂತಿದ್ದಳು. 

ಬಳ್ಳಾರಿಯಲ್ಲಿ ರಕ್ತನಾಳವನ್ನು ಮತ್ತೆ ತೆರೆದರು. ಡಾಕ್ಟರು ಹೊರಗೆ ಬಂದು ಹೇಳಿದರು: "ಜೀವಕ್ಕೆ ಅಪಾಯ ಇಲ್ಲ. ಬೇಗ ಬಂದಿರಿ, ಅದಕ್ಕೇ ಉಳಿದರು. ಆದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದೆ. ರಕ್ತ ತೆಳುವಾಗಿಡುವ ಮಾತ್ರೆ ನಿಲ್ಲಿಸಿದ್ದರಾ?"

"ಇಲ್ರಿ ಸರ್, ದಿನಾ ನಾನಾ ಕೈಗೆ ಕೊಡ್ತೀನಿ," ಎಂದಳು ಜಂಬಮ್ಮ.

ಮರುದಿನ ಗಂಡನಿಗೆ ಮಾತಾಡುವಷ್ಟು ಶಕ್ತಿ ಬಂದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ನಾ ಕೊಟ್ಟ ಗುಳಿಗಿ ಏನು ಮಾಡಿದ್ರಿ?"

ಚಿದಾನಂದಪ್ಪ ಗೋಡೆಯ ಕಡೆ ತಿರುಗಿದ. "ಬಚ್ಚಲಿಗೆ ಹಾಕಿದೆ. ದಿನಾ ಮೀನು ತಿಂತಿದ್ನೆಲ್ಲ... ಅದೂ ಇದೂ ಎರಡೂ ಯಾಕ ಅಂತ."

ಜಂಬಮ್ಮ ಎದ್ದು ಹೊರಗೆ ಹೋದಳು. ವರಾಂಡದ ಬೆಂಚಿನ ಮೇಲೆ ಸುನಂದಾ ಕೂತಿದ್ದಳು. ಅವಳ ಪಕ್ಕ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಹೇಳಿದಳು: "ಮೀನು ತಂದು, ತೊಳದು, ಸಾರು ಮಾಡಿ ಮಾಡಿ ಎಲ್ಲಾ ಬೆಕ್ಕಿಗೆ ಹಾಕಿದ್ನೆಲ್ಲ ಅಕ್ಕಾ. ಆ ಬೆಕ್ಕಿನ ಎದಿ ಎಷ್ಟು ಗಟ್ಟಿ ಆಗೈತೋ ಏನೋ!"

ಅಳುತ್ತಳುತ್ತಲೇ ಇಬ್ಬರಿಗೂ ನಗು ಬಂತು.

ಸುನಂದಾಳ ಅಣ್ಣನ ಮನೆ ಅಲ್ಲೇ ಬಳ್ಳಾರಿಯ ಗಾಂಧಿನಗರದಲ್ಲಿತ್ತು. ರಕ್ತ ಪರೀಕ್ಷೆ ಮಾಡಿಸಲು ಮರಿಬಸಪ್ಪನವರೂ ಆ ವಾರ ಮಗನ ಮನೆಗೆ ಬಂದಿದ್ದರು. ನಿನ್ನೆಯಿಂದ ಜಂಬಮ್ಮ ಏನೂ ತಿಂದಿಲ್ಲ ಎಂದು ಸುನಂದಾ ಫೋನಿನಲ್ಲಿ ಹೇಳಿದ್ದಕ್ಕೆ, ಅತ್ತಿಗೆ ಶೀಲಾ ರೊಟ್ಟಿ, ಪಲ್ಯ, ಮೊಸರು ಕಟ್ಟಿದಳು. ಬುತ್ತಿ ಹಿಡಿದುಕೊಂಡು ಬಂದವರು ಮರಿಬಸಪ್ಪನವರೇ.

"ನೀವು ಇಲ್ಲಿ ಕುಂತು ಊಟ ಮಾಡ್ರಿ ತಾಯಿ. ಅಲ್ಲೀಮಟ ನಾ ಅವರ ಹತ್ತಿರ ಕುಂತಿರ್ತೀನಿ," ಎಂದು ವಾರ್ಡಿನ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಒಳಗಿನ ಮಾತು ಬೆಂಚಿನವರೆಗೂ ಕೇಳಿಸುತ್ತಿತ್ತು.

"ನೀವೇನಪ್ಪಾ, ಸಾರು ಬಿಟ್ಟು ಫ್ರೈ ತಿನ್ನೋ ಚಿದಾನಂದಪ್ಪ?"

"ಹೌದ್ರಿ. ತಾವು?"

"ನಾ ಸಿಸ್ಟರ್ ಸುನಂದಾನ ಅಪ್ಪ. ಅಲ್ಲಪ್ಪಾ, ನಾ ಹುಟ್ಟಿದಾಗಿಂದ ಮೀನು ಮುಟ್ಟಿದಾಂವಲ್ಲ. ನನಗ ಗೊತ್ತೈತಿ! ವಾರಕ್ಕ ಎರಡು ಸಲ ತಿನ್ಬೇಕು, ಹುಣಸಿಹುಳಿ ಹಾಕಿ ಸಾರು ಮಾಡ್ಬೇಕು, ಇಲ್ಲ ಹಂಚಿನ ಮ್ಯಾಲೆ ಒಂದು ಚಮಚ ಎಣ್ಣಿ. ಒಣಮೀನು ಬ್ಯಾಡ, ಉಪ್ಪು ಜಾಸ್ತಿ. ಮೀನು ಊಟ, ಔಷಧ ಅಲ್ಲ. ನಿಮಗ ಇಷ್ಟು ಗೊತ್ತಾಗಲಿಲ್ಲೇನು?"

"ಗೊತ್ತಿತ್ತು ಯಜಮಾನ್ರ." ಚಿದಾನಂದಪ್ಪನ ದನಿ ಸಣ್ಣಗಿತ್ತು.  ಆಮೇಲೆ ಕೇಳಿದ: "ತಮ್ಮ ರಕ್ತ ಪರೀಕ್ಷಿ ಏನಂತ ಬಂತ್ರಿ?"

"ಹೋದ ಸಲಕ್ಕಿಂತ ಜಾಸ್ತಿ ಐತಿ."

"ಅಗಸಿ ಪುಡಿ ತಿನ್ನಬೇಕ್ರಿ. ಹಸಿದಲ್ಲ, ಹುರಿದು ಪುಡಿ ಮಾಡಿದ್ದು, ರೊಟ್ಟಿ ಜೋಡಿ ದಿನಾ ಎರಡು ಚಮಚ. ಅದು ಬಿಟ್ಟು ದಿನಾ ಸಂಜಿಕಿ ಒಗ್ಗರಣಿ ಮಿರ್ಚಿ ತಿಂದ್ರ ಹೆಂಗ್ರಿ? ಹಿಂಡಿ ವಾಸನಿ ಅಂತೀರಂತ. ಸಿಸ್ಟರ್ ಎಷ್ಟು ನೊಂದ್ಕೊಂಡ್ರು ಗೊತ್ತೇನು?"

ಸುನಂದಾಳಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತಳು.

"ಅಂದ್ರ ಇಬ್ರಿಗೂ ಎಲ್ಲಾ ಬಾಯಿಪಾಠ ಐತಿ! ಅಪ್ಪಗ ಮೀನು ಗೊತ್ತು, ಚಿದಾನಂದಣ್ಣಗ ಅಗಸಿ ಗೊತ್ತು. ನಾ ಇಷ್ಟು ದಿನ ತಿಳುವಳಿಕಿ ಇಲ್ಲದವರು ಅಂತ ತಿಳ್ಕೊಂಡು ಹೇಳಿದ್ದಾ ಹೇಳ್ಕೋತ ತಿರುಗಿದೆ. ಗೊತ್ತಿದ್ದೂ ಮಾಡಲಿಲ್ಲ ಅಂದ್ರ ನಾ ಇನ್ನ ಏನು ಹೇಳ್ಲಿ? ನೀವಾ ಹೇಳ್ರಿ!"

ಇಬ್ಬರೂ ತಲೆ ತಗ್ಗಿಸಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆ ಹುಡುಗರಂತೆ.

ಸುನಂದಾಳ ಹಿಂದಿನಿಂದ ಜಂಬಮ್ಮ ಮುಂದೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನೆ ಗಾಡ್ಯಾಗ ನಿಮ್ಮ ಕೈ ತಣ್ಣಗಾಗಿತ್ತು ರೀ. ಆ ಕೈ ಹಿಡ್ಕೊಂಡು ಬಂದಾಕಿ ನಾನು. ಇನ್ನೊಮ್ಮಿ ಹಂಗ ಹಿಡ್ಕೊಂಡು ಬರೋ ಶಕ್ತಿ ನನಗ ಇಲ್ಲ. ಮನ್ಯಾಗ ಮಾಡಿದ್ದು ತಿಂತೀನಿ, ಗುಳಿಗಿ ನಿನ್ನ ಮುಂದ ನುಂಗ್ತೀನಿ ಅಂತ ಈ ಯಜಮಾನ್ರ ಎದುರಿಗೆ ಹೇಳ್ರಿ."

ಚಿದಾನಂದಪ್ಪ ಅವಳ ಮುಖ ನೋಡಿದ. ಕಣ್ಣು ಒದ್ದೆಯಾದವು.

"ನೀ ಮಾಡಿದ್ದು ತಿಂತೀನಿ. ಗುಳಿಗಿನೂ ನುಂಗ್ತೀನಿ."

ಮರಿಬಸಪ್ಪನವರು ಕೆಮ್ಮಿದರು. "ನನಗೂ ಯಾರರೆ ಕೇಳ್ರಿ, ನಾನೂ ಹೇಳಿಬಿಡ್ತೀನಿ."

ಈಗ ರಾರಾವಿಯ ಆ ಮನೆಯಲ್ಲಿ ವಾರಕ್ಕೆ ಎರಡು ಸಲ ಮೀನು. ಸಿರುಗುಪ್ಪದ ಮಾರ್ಕೆಟ್ಟಿಗೆ ಐಸ್ ಪೆಟ್ಟಿಗೆಯಲ್ಲಿ ಬಂಗುಡೆ ಬಂದ ದಿನ ಬಂಗುಡೆ, ಇಲ್ಲದ ದಿನ ಹೊಳೆಯ ಮೀನು. ಉಪ್ಪು ಕಡಿಮೆ ಆಯಿತು ಎನ್ನಿಸದಂತೆ ಜಂಬಮ್ಮ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಅರೆದು ಹುಣಸೆಹುಳಿ ಸ್ವಲ್ಪ ಹೆಚ್ಚಾಗಿ ಹಾಕಿ ಸಾರು ಕುದಿಸುತ್ತಾಳೆ. ಉಳಿದ ದಿನ ಕಾಳು, ಸೊಪ್ಪು, ರೊಟ್ಟಿ. ಮುಳ್ಳು ಜಾಸ್ತಿ ಎಂದು ಚಿದಾನಂದಪ್ಪ ಗೊಣಗುವುದು ನಿಂತಿಲ್ಲ. ಗೊಣಗುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಾನೆ. ಮಾತ್ರೆಯನ್ನು ಹೆಂಡತಿಯ ಎದುರಿಗೇ ನುಂಗಿ, ಬಾಯಿ ತೆರೆದು ತೋರಿಸುತ್ತಾನೆ. ಮೂರು ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗಿ ಡಾಕ್ಟರನ್ನು ಕಾಣುತ್ತಾನೆ.

ಕುರುಗೋಡಿನ ಮರಿಬಸಪ್ಪನವರು ಮಿರ್ಚಿಯನ್ನು ಪೂರ್ತಿ ಬಿಟ್ಟಿಲ್ಲ. ಸುಳ್ಳು ಯಾಕೆ ಹೇಳಬೇಕು? ಆದರೆ ದಿನಾ ಇದ್ದದ್ದು ಯಾವಾಗಲೋ ಒಮ್ಮೆ ಎಂಬಲ್ಲಿಗೆ ಇಳಿದಿದೆ. ಅಗಸಿ ಚಟ್ನಿ ಪುಡಿ ಡಬ್ಬಿಯಿಂದ ರೊಟ್ಟಿಗೆ ಬಂದಿದೆ. ಮುಂಜಾನೆ ವಾಕಿಂಗ್ ಹೋಗುತ್ತಾರೆ. ಆಮೇಲೆ ರಾರಾವಿಗೆ ಫೋನ್ ಮಾಡಿ, "ಏನಪ್ಪಾ, ಗುಳಿಗಿ ಆತೇನು?" ಎಂದು ಕೇಳುತ್ತಾರೆ. "ಆತ್ರಿ. ತಮ್ಮದು ಅಗಸಿ?" ಎನ್ನುತ್ತಾನೆ ಚಿದಾನಂದಪ್ಪ. ಒಬ್ಬರ ಕಾಟ ಇನ್ನೊಬ್ಬರಿಗೆ ಸಾಕಾಗಿದೆ. ಸುನಂದಾ ಮಾತ್ರ ಸ್ವಲ್ಪ ಉಸಿರಾಡುತ್ತಿದ್ದಾಳೆ.

ಇದನ್ನು ಓದಿದ ಅಕ್ಕಂದಿರೇ, ಅಣ್ಣಂದಿರೇ, ಸ್ವಸಹಾಯ ಸಂಘದ ಸಭೆಯಲ್ಲಿ ಕೂತು ಕೇಳಿದವರೇ, ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಬಹಳವೇನೂ ಇರಲಿಕ್ಕಿಲ್ಲ. ನಮಗೂ ಗೊತ್ತು, ನಿಮಗೆ ಗೊತ್ತಿದೆ ಎಂದು. ಅದಕ್ಕೇ ಬೇಸರ! ನೀವು ಮೀನು ತಿನ್ನುವವರಾದರೆ ಈ ವಾರ ಒಂದು ದಿನದ ಮಟನ್ ಬಿಟ್ಟು ಮೀನಿನ ಸಾರು ಮಾಡಿ. ಕರಿಯಬೇಡಿ. ತಿನ್ನದವರಾದರೆ ಅಗಸಿಯ ಡಬ್ಬಿ ತೆರೆಯಿರಿ. ಮನೆಯಲ್ಲಿ ಹೃದಯದ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ, ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಲು ಬಿಡಬೇಡಿ. ಯಾವ ಊಟವೂ ಆ ಮಾತ್ರೆಯ ಕೆಲಸ ಮಾಡುವುದಿಲ್ಲ. ಎದೆ ಹಿಡಿದುಕೊಂಡರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ, ನೂರಾ ಎಂಟಕ್ಕೆ ಫೋನ್ ಮಾಡಿ. ಕೇಳಿ ತಲೆ ಆಡಿಸಿ ಎದ್ದು ಹೋಗಬೇಡಿ. ಇವತ್ತು ಸಂಜೆ ನಿಮ್ಮ ಒಲೆಯ ಮೇಲೆ ಏನು ಇಡುತ್ತೀರಿ, ಅದನ್ನು ಈಗಲೇ ಪಕ್ಕದವರಿಗೆ ಹೇಳಿ.